ಸೀತನಿ ತಿನ್ನಲು ಬಂದ ಮಂದಿಗೆ ಯಾವ ವಿಮೆ? ಮೂರು ಪಾಲಿಸಿ ಮಾಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹೊಲಕ್ಕೆ ದುಡ್ಡು ಕೊಟ್ಟು ಮಂದಿ ಬರುತ್ತಿದ್ದರೆ, ಎಲ್ಲಕ್ಕಿಂತ ಮುಂಚೆ ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ, ಅಂದರೆ ಬಂದವರಿಗೆಲ್ಲ ಒಟ್ಟಾಗಿ ಅಪಘಾತ ವಿಮೆ, ಮಾಡಿಸಿ. ಹೆಸರು ಮುಂಚಿತವಾಗಿ ಕೊಡಬೇಕಾಗದ, ಆಸ್ಪತ್ರೆ ಖರ್ಚು ಸೇರಿದ ಪಾಲಿಸಿ. ಉಳಿದದ್ದೆಲ್ಲ ಆಮೇಲೆ. ನನಗೆ ಇದು ತಿಳಿಯುವಷ್ಟರಲ್ಲಿ ಮೂರು ಹಂಗಾಮು ಕಳೆದವು, ಕೈಯಿಂದ 40,000 ರೂಪಾಯಿ ಹೋಯಿತು.

ನಮ್ಮದು ಕಮಲಾಪುರದ ಹತ್ತಿರ ಎಂಟು ಎಕರೆ. ತೊಗರಿ, ಬಿಳಿಜೋಳ, ಅರ್ಧ ಎಕರೆ ಕೆಂಪು ಬಾಳೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಭಾನುವಾರಗಳಲ್ಲಿ ಕಲಬುರಗಿಯಿಂದ ಕುಟುಂಬಗಳು ಬರುತ್ತವೆ. ಎಳ್ಳಮವಾಸ್ಯೆಗೆ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಆಮೇಲೆ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ತೆನೆ. ಸೊಲ್ಲಾಪುರದ ಕಡೆ ಇದಕ್ಕೆ ಹುರ್ಡಾ ಅಂತಾರೆ. ಎತ್ತಿನ ಬಂಡಿ, ಬೇವಿನ ಮರಕ್ಕೆ ಜೋಕಾಲಿ, ಬಾವಿ. ದಿನಕ್ಕೆ ಮೂವತ್ತು, ನಲವತ್ತು ಮಂದಿ. ರಾತ್ರಿ ಯಾರನ್ನೂ ಉಳಿಸಿಕೊಳ್ಳುವುದಿಲ್ಲ. ಶಿವರಾತ್ರಿ ದಾಟಿದರೆ ನಮ್ಮ ಬಿಸಿಲಿಗೆ ಯಾರೂ ಬರುವುದಿಲ್ಲ, ಬರಬಾರದು ಕೂಡ.

ಮೊದಲ ವರ್ಷ ರೈತರ ಪ್ಯಾಕೇಜ್ ಪಾಲಿಸಿ ಮಾಡಿಸಿದೆವು. ಮನೆ, ಎತ್ತು, ಬಂಡಿ, ಪಂಪ್‌ಸೆಟ್ ಎಲ್ಲಾ ಒಂದರಲ್ಲೇ. ವರ್ಷಕ್ಕೆ 3,900 ರೂಪಾಯಿ. "ಬಂದ ಮಂದೀಗೂ ಇದ್ರಾಗೇ ಬರ್ತದ್ರಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ" ಎಂದ ಏಜೆಂಟ್. ಮೋಟರ್ ಸುಟ್ಟಾಗ ದುಡ್ಡು ಬಂತು, ತಕರಾರಿಲ್ಲ. ಆದರೆ ಪಾಲಿಸಿಯ ಪುಟಗಳನ್ನು ನಮ್ಮ ಮಗಳು ಕೂತು ಓದಿದಾಗ ಗೊತ್ತಾಯಿತು: ಬಂಡಿಯ ಭಾಗದಲ್ಲಿ ಬಾಡಿಗೆಗೆ ಮಂದಿಯನ್ನು ಕೂರಿಸಿದರೆ ಅದು ಹೊರಗೆ. ನಾವು ಊಟದ ಜೊತೆಗೇ ಬಂಡಿ ಸವಾರಿಗೂ ಸೇರಿಸಿ ದುಡ್ಡು ತಗೋತೀವಿ ಅಲ್ವಾ, ಅಲ್ಲಿಗೆ ಮುಗಿಯಿತು. ಈ ಪಾಲಿಸಿ ನಮ್ಮ ಎತ್ತಿಗೆ, ನಮ್ಮ ಮೋಟರಿಗೆ. ಬಂದವರಿಗಲ್ಲ. ಫಸಲ್ ಬಿಮಾ ಬೇರೆ ಮಾತು, ಅದು ತೊಗರಿಗೆ.

ಎರಡನೇ ವರ್ಷ ಪಬ್ಲಿಕ್ ಲಯಬಿಲಿಟಿ, ಅಂದರೆ ಹೊರಗಿನವರಿಗೆ ಏನಾದರೂ ಆದರೆ ನಮ್ಮ ಹೊಣೆಗೆ ವಿಮೆ. ಒಂದು ಅಪಘಾತಕ್ಕೆ 10 ಲಕ್ಷದವರೆಗೆ. ಜಿಎಸ್‌ಟಿ ಸೇರಿ 8,260 ರೂಪಾಯಿ. ಕೇಳುವಾಗ ಹೆಸರು ಸರಿಯಾಗಿ ಹೇಳಿ. ಒಂದು ಕಡೆ ನಾನು ಸುಮ್ನೆ "ಪಬ್ಲಿಕ್ ಲಯಬಿಲಿಟಿ" ಎಂದದ್ದಕ್ಕೆ 1991ರ ಕಾಯ್ದೆಯ ಪಾಲಿಸಿಯ ಅರ್ಜಿ ತೆಗೆದಿಟ್ಟರು. ಅದು ಭೋಪಾಲ ದುರಂತದ ನಂತರ ಬಂದ ಕಾಯ್ದೆ. ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ ಸಂಬಂಧಿಸಿದ್ದು. ಹೊಲಕ್ಕೆ ಬೇಕಾದದ್ದು ಕೈಗಾರಿಕೆ ಅಲ್ಲದ ಜಾಗಗಳ ಪಾಲಿಸಿ.

ಆ ವರ್ಷ ಜನವರಿಯಲ್ಲಿ ನಿವೃತ್ತ ಟೀಚರೊಬ್ಬರು ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಮುಂಗೈ ಮುರಿಯಿತು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಬಿಲ್ಲು 62,000 ರೂಪಾಯಿ. ನಾನು ಧೈರ್ಯವಾಗಿದ್ದೆ. ಪಾಲಿಸಿ ಇದೆಯಲ್ಲ.

ಆಫೀಸಿಗೆ ಹೋದೆ. ಅಲ್ಲಿದ್ದವರು ಮೊದಲು ಕೇಳಿದ್ದು, "ಅವ್ರು ನಿಮ್ಮ ಮ್ಯಾಲ ಪರಿಹಾರ ಕೇಳಿ ಬರದು ಕೊಟ್ಟಾರೇನ್ರಿ?" ಇಲ್ಲ ಎಂದೆ. "ಮತ್ತ ಕ್ಲೇಮ್ ಎಲ್ಲಿದ್ರಿ?" ಎಂದರು.

ಅವರು ಹೇಳಿದ್ದು ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ಈ ಪಾಲಿಸಿ ಗಾಯಕ್ಕೆ ದುಡ್ಡು ಕೊಡುವುದಿಲ್ಲ. ಆ ಗಾಯಕ್ಕೆ ಕಾನೂನು ಪ್ರಕಾರ ನಾನು ಹೊಣೆ ಎಂದಾದರೆ, ನಾನು ಕೊಡಬೇಕಾದ ದುಡ್ಡನ್ನು ಅದು ಕೊಡುತ್ತದೆ. ಅಂದರೆ ಗಾಯವಾದವರು ನನ್ನ ಮೇಲೆ ಪರಿಹಾರ ಕೇಳಬೇಕು. ಅದೂ ಪಾಲಿಸಿ ಚಾಲ್ತಿಯಲ್ಲಿದ್ದಾಗಲೇ ಕೇಳಬೇಕು. ತಪ್ಪು ನನ್ನದು ಎಂದು ಕಾಣಬೇಕು. ಮೆಟ್ಟಿಲು ಪಾಚಿಗಟ್ಟಿತ್ತೆ? ಬೋರ್ಡು ಹಾಕಿದ್ದೆವೆ? ಹಿಡಿದುಕೊಳ್ಳಲು ಏನಾದರೂ ಇತ್ತೆ? ಇಷ್ಟೆಲ್ಲ ಆಗಬೇಕು, ಆದರೆ "ತಪ್ಪು ನಂದೇ" ಎಂದು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕಂಪನಿಯನ್ನು ಕೇಳದೆ ನಾನು ಹೊಣೆ ಒಪ್ಪಿಕೊಂಡರೆ, ದುಡ್ಡು ಕೊಡುತ್ತೇನೆ ಎಂದು ಮಾತು ಕೊಟ್ಟರೆ, ಷರತ್ತು ಮುರಿದಂತೆ. ನಾನೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಟೀಚರ್ ಕೈ ಹಿಡಿದು, "ಬಿಲ್ಲಿನ ಚಿಂತಿ ಬಿಡ್ರಿ, ನಾವಿದೀವಿ" ಎಂದು ಹೇಳಿ ಬಂದಿದ್ದೆ. ಮನೆಗೆ ಕರೆದು ಉಣಬಡಿಸಿದವರು ಬೇರೆ ಏನು ಹೇಳುತ್ತಾರೆ?

ಆದರೂ ಟೀಚರ್ ಮನೆಗೆ ಹೋಗಿ ವಿಷಯ ಹೇಳಿದೆ. ಒಂದು ನೋಟಿಸ್ ಕೊಟ್ಟರೆ ಕಂಪನಿ ನೋಡುತ್ತದೆ ಎಂದೆ. ಅವರು ಕಟ್ಟು ಹಾಕಿದ ಕೈಯನ್ನೇ ಆಡಿಸಿ ಬೇಡ ಎಂದರು. "ನಿಮ್ಮ ಹೊಲ್ದಾಗ ಉಂಡು ಬಂದು ನಿನಗ ವಕೀಲರ ನೋಟಿಸ್ ಕೊಡ್ಲೇನು ತಂಗಿ? ಆಗಂಗಿಲ್ಲ." ಅವರ ಮಗನೂ ಅದನ್ನೇ ಹೇಳಿದ. ಕೊನೆಗೆ ಅರ್ಧಕ್ಕಿಂತ ಜಾಸ್ತಿ, 40,000 ರೂಪಾಯಿ, ತೊಗರಿ ಮಾರಿದ ದುಡ್ಡಿನಿಂದ ಕೊಟ್ಟೆವು. ಅದನ್ನೂ ಅವರು ತಗೊಳ್ಳಲು ಒಪ್ಪಿರಲಿಲ್ಲ, ಸೊಸೆಯ ಕೈಯಲ್ಲಿಟ್ಟು ಬಂದೆವು.

ಕಂಪನಿ ಮೋಸ ಮಾಡಿತು ಎಂದು ನಾನು ಹೇಳುತ್ತಿಲ್ಲ. ಪಾಲಿಸಿ ಬರೆದಂತೆಯೇ ನಡೆದುಕೊಂಡರು. ಆದರೆ ಅದು ಒಬ್ಬರ ಮೇಲೊಬ್ಬರು ದಾವೆ ಹೂಡುವ ಜಾಗಕ್ಕೆ ಹೊಂದುತ್ತದೆ. ನಮ್ಮ ಕಡೆ ಚರಗ ಚೆಲ್ಲುವ ದಿನ, ಅಂದರೆ ಭೂಮಿತಾಯಿಗೆ ಎಡೆ ಕೊಡುವ ಎಳ್ಳಮವಾಸ್ಯೆಯಂದು, ಹೊಲಕ್ಕೆ ಬಂದು ಊಟ ಮಾಡಿದವರು, ದುಡ್ಡು ಕೊಟ್ಟೇ ಬಂದಿದ್ದರೂ, ಉಂಡ ಮನೆಗೆ ನೋಟಿಸ್ ಕಳಿಸುವುದಿಲ್ಲ. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ.

ಮೂರನೇ ವರ್ಷ ಗ್ರೂಪ್ ಪರ್ಸನಲ್ ಆಕ್ಸಿಡೆಂಟ್. ಇಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯೇ ಇಲ್ಲ. ಅಪಘಾತ ಆಗಿದೆಯೆ, ನಮ್ಮ ಹೊಲದಲ್ಲಿ ಆಗಿದೆಯೆ, ಅಷ್ಟೇ. ದಿನಕ್ಕೆ 40 ಮಂದಿ, ತಲೆಗೆ 2 ಲಕ್ಷ, ಆಸ್ಪತ್ರೆ ಖರ್ಚು 25,000 ರೂಪಾಯಿವರೆಗೆ. ಜಿಎಸ್‌ಟಿ ಸೇರಿ 10,620 ರೂಪಾಯಿ ಆಯಿತು. ದುಡಿಯಲಾಗದ ವಾರಗಳಿಗೆ ಕೊಡುವ ಪರಿಹಾರವನ್ನು ತೆಗೆಸಿದ್ದಕ್ಕೆ ಪ್ರೀಮಿಯಂ ಸ್ವಲ್ಪ ಇಳಿಯಿತು.

ಆಸ್ಪತ್ರೆ ಖರ್ಚಿನ ಸಾಲನ್ನು ಎರಡು ಸಲ ಓದಿ. ಮೊದಲು ತೋರಿಸಿದ ಪಾಲಿಸಿಯಲ್ಲಿ ಅದು ಮುಖ್ಯ ಕ್ಲೇಮಿಗೆ ಗಂಟು ಹಾಕಿಕೊಂಡಿತ್ತು. ಸಾವು ಅಥವಾ ಅಂಗ ಊನದ ಕ್ಲೇಮ್ ಪಾಸಾದರೆ ಮಾತ್ರ ಅದರ 40% ಆಸ್ಪತ್ರೆಗೆ. ಮುಂಗೈ ಮುರಿದು ವಾಸಿಯಾದವರಿಗೆ ಅದರಲ್ಲಿ ಏನೂ ಸಿಗುತ್ತಿರಲಿಲ್ಲ. ನಾವು ಬೇಡ ಎಂದು, ಖರ್ಚು ಪ್ರತ್ಯೇಕವಾಗಿ ಸಿಗುವ ಹಾಗೆ ಬರೆಸಿದೆವು.

ಆ ವರ್ಷವೇ ಒಬ್ಬ ಹುಡುಗ ಜೋಕಾಲಿಯಿಂದ ಬಿದ್ದು ಗದ್ದಕ್ಕೆ ಹೊಲಿಗೆ ಹಾಕಿಸಬೇಕಾಯಿತು. ಬಿಲ್ಲು 7,400 ರೂಪಾಯಿ. ಬಿಲ್ಲು, ಡಾಕ್ಟರ ಚೀಟಿ, ನಮ್ಮ ರಿಜಿಸ್ಟರಿನ ಪುಟ ಕೊಟ್ಟೆವು. ಮೂರು ವಾರಕ್ಕೆ ದುಡ್ಡು ಬಂತು. ನಡುವೆ ಒಂದು ತೊಡಕಾಗಿತ್ತು: ರಿಜಿಸ್ಟರಿನಲ್ಲಿ ಆ ಮನೆಯವರು ಅಜ್ಜನ ಹೆಸರು ಬರೆದು "ಮತ್ತು 11 ಜನ" ಎಂದು ಬಿಟ್ಟಿದ್ದರು. ಹುಡುಗ ಆ ಹನ್ನೊಂದರಲ್ಲಿ ಒಬ್ಬ ಎನ್ನುವುದಕ್ಕೆ ಫೋಟೋ, ಊಟದ ದುಡ್ಡು ಫೋನಿನಲ್ಲಿ ಹಾಕಿದ ದಾಖಲೆ ಎಲ್ಲಾ ಕೊಡಬೇಕಾಯಿತು. ಈಗ ಬಂಡಿ ಇಳಿದ ಕೂಡಲೇ ಒಬ್ಬೊಬ್ಬರ ಹೆಸರು, ವಯಸ್ಸು, ಬಂದ ಹೊತ್ತು ಮಗಳು ಬರೆಯುತ್ತಾಳೆ. ಆಮೇಲೇ ಮಜ್ಜಿಗೆ.

ಹಾವು ಕಚ್ಚಿದ್ದನ್ನು ಅಪಘಾತ ಎಂದು ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ. ನಮ್ಮದರಲ್ಲಿ ಇದೆ. ಹೃದಯಾಘಾತ ಸೇರುವುದಿಲ್ಲ.

ಲಯಬಿಲಿಟಿ ಗೆಲ್ಲುವ ಜಾಗ ಒಂದಿದೆ, ಅದು ಊಟ. ಭಜ್ಜಿ ತಿಂದು ನಲವತ್ತು ಮಂದಿಗೆ ಹೊಟ್ಟೆ ಕೆಟ್ಟರೆ ನಮ್ಮ ಅಪಘಾತ ಪಾಲಿಸಿ ಅದನ್ನು ಅಪಘಾತ ಅನ್ನುವುದಿಲ್ಲ. ಲಯಬಿಲಿಟಿಯಲ್ಲಿ ಊಟ, ಪಾನೀಯದ ಭಾಗವನ್ನು ಜಾಸ್ತಿ ದುಡ್ಡು ಕೊಟ್ಟು ಸೇರಿಸಬಹುದು. ಯಾರಾದರೂ ನಿಜವಾಗಿಯೇ ಕೋರ್ಟಿಗೆ ಹೋದರೆ ವಕೀಲರ ಖರ್ಚಿಗೂ ಅದೇ ಆಸರೆ.

ಟ್ರ್ಯಾಕ್ಟರ್ ಬಗ್ಗೆ ಮಾತ್ರ ಮೂರೂ ಪಾಲಿಸಿ ನೋಡಿ ಗಟ್ಟಿ ಮನಸ್ಸು ಮಾಡಿದೆವು. ಹುಮನಾಬಾದ್ ರಸ್ತೆಯಿಂದ ಹೊಲದವರೆಗೆ ಟ್ರೇಲರಿನಲ್ಲಿ ಮಂದಿಯನ್ನು ಕರೆತರುತ್ತಿದ್ದೆವು. ಮಕ್ಕಳಿಗೆ ಬಹಳ ಖುಷಿ. ಆದರೆ ಟ್ರ್ಯಾಕ್ಟರ್ ವಿಮೆ ಒಕ್ಕಲುತನದ ಕೆಲಸಕ್ಕೆ, ಮಂದಿ ಸಾಗಿಸಲು ಅಲ್ಲ. ಲಯಬಿಲಿಟಿ ಪಾಲಿಸಿ ರಸ್ತೆ ವಾಹನವನ್ನು ಹೊರಗಿಡುತ್ತದೆ. ಟ್ರೇಲರ್ ಮಗುಚಿದರೆ ಹೊಲ ಮಾರಬೇಕಾಗುತ್ತದೆ. ನಿಲ್ಲಿಸಿಬಿಟ್ಟೆವು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ 20 ರೂಪಾಯಿಗೇ ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯದೇ, ನಾವೂ ನಮ್ಮ ಆಳುಗಳೂ ಮಾಡಿಸಿದ್ದೇವೆ. ಆದರೆ ಅದು 18ರಿಂದ 70 ವರ್ಷದವರು ತಮ್ಮ ತಮ್ಮ ಬ್ಯಾಂಕ್ ಖಾತೆಯಿಂದ ಮಾಡಿಸುವಂಥದ್ದು. ಸಾವು, ಅಂಗ ಊನಕ್ಕೆ ಮಾತ್ರ. ಆಸ್ಪತ್ರೆ ಬಿಲ್ಲಿಗೆ ಬರುವುದಿಲ್ಲ, ಅತಿಥಿಗಳಿಗೆ ನಾವು ಕೊಡಿಸಲೂ ಆಗುವುದಿಲ್ಲ.

ಹಾಗಾಗಿ ನಮ್ಮ ಲೆಕ್ಕ ಹೀಗಿದೆ. ವರ್ಷಕ್ಕೆ ಹದಿನಾರು, ಹದಿನೇಳು ಭಾನುವಾರ, ಹಗಲು ಮಾತ್ರ, ಬರುವವರು ಹೆಚ್ಚಾಗಿ ಪರಿಚಯದ ಕುಟುಂಬಗಳು. ನಮಗೆ ಅಪಘಾತ ಪಾಲಿಸಿ ಮೊದಲು. ಎತ್ತು, ಮೋಟರಿಗಾಗಿ ಪ್ಯಾಕೇಜ್ ಹೇಗೂ ಇರಲಿ. ತೊಗರಿಗೆ ರೇಟು ಬಂದ ವರ್ಷ ಊಟದ ಭಾಗ ಸೇರಿಸಿ 5 ಲಕ್ಷದ ಸಣ್ಣ ಲಯಬಿಲಿಟಿ. ನಿಮ್ಮಲ್ಲಿ ರೂಮು, ಈಜುಕೊಳ ಇದ್ದರೆ, ಬೆಂಗಳೂರು, ಹೈದರಾಬಾದಿನಿಂದ ಗುರುತಿಲ್ಲದ ಕಂಪನಿ ಮಂದಿ ಬರುತ್ತಿದ್ದರೆ, ಲಯಬಿಲಿಟಿಯನ್ನೂ ಮೊದಲ ವರ್ಷವೇ ಮಾಡಿಸಿ, ದೊಡ್ಡ ಮೊತ್ತಕ್ಕೆ ಮಾಡಿಸಿ.

ಈ ಸಲ ನವೀಕರಣಕ್ಕೆ ಒಂದೇ ತಕರಾರು ಉಳಿದಿದೆ. ನಮ್ಮ ಅಪಘಾತ ಪಾಲಿಸಿ 70 ದಾಟಿದವರನ್ನು ಸೇರಿಸುವುದಿಲ್ಲ. ಎಳ್ಳಮವಾಸ್ಯೆಗೆ ಅಜ್ಜಿ ಇಲ್ಲದೆ ಯಾವ ಮನೆಯವರು ಬರುತ್ತಾರೆ? 80ರವರೆಗೆ ಮಾಡಿಕೊಡಿ ಎಂದು ಬರೆದು ಕೊಟ್ಟಿದ್ದೇನೆ. ಉತ್ತರ ಬರುವುದರೊಳಗೆ ಬಾವಿಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸುತ್ತಿದ್ದೇವೆ. ವೆಲ್ಡಿಂಗ್‌ನವರು 9,000 ರೂಪಾಯಿ ಹೇಳಿದ್ದಾರೆ.