ಐವತ್ತು ಸಾವಿರದೊಳಗೆ ಮೊದಲ ಎಲೆಕ್ಟ್ರಿಕ್ ಗಾಡಿ: ಹುಬ್ಬಳ್ಳಿಯ ಏರಿನಲ್ಲಿ ಓಡಿಸಿ ನೋಡಿದ್ದು

ನಮ್ಮ ಮನೆ ಇರುವುದು ನೃಪತುಂಗ ಬೆಟ್ಟದ ಬುಡದಲ್ಲಿ. ಕೆಲಸ ದುರ್ಗದ ಬೈಲ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ಹೋಗಿ ಬಂದರೆ ಸುಮಾರು ಹತ್ತು ಕಿಲೋಮೀಟರ್. ಹೋಗುವಾಗ ಇಳಿಜಾರು, ಬರುವಾಗ ಏರು. ಕೈಯಲ್ಲಿ ಐವತ್ತು ಸಾವಿರ ಇತ್ತು, ಸಾಲ ಮಾಡುವುದು ಬೇಡ ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು. ಈ ದುಡ್ಡಿನಲ್ಲಿ ಹೊಸದು ಬೇಕು ಅಂದರೆ ಮುಖ್ಯವಾಗಿ ಎರಡೇ ದಾರಿ: ಪೆಡಲ್ ಇರುವ ಇ-ಸೈಕಲ್, ಇಲ್ಲವೇ ನಂಬರ್ ಪ್ಲೇಟ್ ಬೇಡದ ಸಣ್ಣ ಸ್ಕೂಟರ್. ಸೈಕಲ್ಲನ್ನು ನಮ್ಮ ಮಾವನ ಮಗ ಕೊಟ್ಟ, ಸ್ಕೂಟರ್ ಪಕ್ಕದ ಮನೆ ಕಾಕಾ ಅವರದು. ಎರಡನ್ನೂ ಕೆಲವು ವಾರ ಇದೇ ದಾರಿಯಲ್ಲಿ, ಇದೇ ಹೊತ್ತಿನಲ್ಲಿ ಓಡಿಸಿದೆ.

ಕಾಗದದ ಮೇಲೆ ಎರಡೂ ಒಂದೇ. ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಆರ್‌ಸಿ ಬೇಡ, ಲೈಸೆನ್ಸ್ ಬೇಡ. ಅಂಗಡಿಯವರೂ ಇದನ್ನೇ ಮೊದಲು ಹೇಳುತ್ತಾರೆ. ಆದರೆ ಅದೇ 250 ವ್ಯಾಟ್ ಎರಡರಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಸ್ಕೂಟರ್ ಬ್ಯಾಟರಿ ಸಮೇತ ಹತ್ತಿರ ಹತ್ತಿರ ಎಂಬತ್ತು ಕೆಜಿ. ಸೈಕಲ್ ಇಪ್ಪತ್ತೈದರ ಆಸುಪಾಸು. ಮೇಲೆ ಎಪ್ಪತ್ತು ಕೆಜಿಯ ಮನುಷ್ಯ ಕೂತ ಅಂದುಕೊಳ್ಳಿ. ನೂರು ಮೀಟರ್‌ಗೆ ಐದು ಮೀಟರ್ ಏರುವ ರಸ್ತೆಯಲ್ಲಿ 250 ವ್ಯಾಟ್ ಮೋಟರ್ ಆ ಸ್ಕೂಟರನ್ನು ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಎಳೆದರೆ ಹೆಚ್ಚು. ಅದೇ ಮೋಟರ್ ಸೈಕಲ್ಲನ್ನು ಹದಿನೈದು ಹದಿನಾರರಲ್ಲಿ ಎಳೆಯುತ್ತದೆ, ಜೊತೆಗೆ ನಿಮ್ಮ ಕಾಲಿನ ಬಲವೂ ಸೇರುತ್ತದೆ. ಲೆಕ್ಕ ಬಿಡಿ, ರಸ್ತೆಯಲ್ಲೇ ಗೊತ್ತಾಗುತ್ತದೆ. ಚನ್ನಮ್ಮ ಸರ್ಕಲ್‌ನಿಂದ ಹೊಸೂರಿನ ತನಕ ಕಾಕಾ ಅವರ ಸ್ಕೂಟರ್ ಆರಾಮಾಗಿ ಬಂತು. ನಮ್ಮ ಓಣಿಯ ಏರಿಗೆ ಬಂದಾಗ ಗಾಡಿ ಗೊಂಯ್ ಅಂತ ಸದ್ದು ಮಾಡುತ್ತಾ ನಡೆದು ಹೋಗುವವರ ಜೊತೆಜೊತೆಗೇ ಬರತೊಡಗಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡ ದಿನವಂತೂ ಅವಳು ಅರ್ಧದಲ್ಲೇ ಇಳಿದು ನಡೆದಳು. ಸೈಕಲ್ಲಿನಲ್ಲಿ ಅದೇ ಏರನ್ನು ಕೆಳಗಿನ ಗೇರ್ ಹಾಕಿ, ಅಸಿಸ್ಟ್ (ತುಳಿಯುವಾಗ ಮೋಟರ್ ಕೊಡುವ ನೆರವು) ಪೂರ್ತಿ ಏರಿಸಿ ಹತ್ತಿದೆ. ಬೆವರು ಬಂತು, ಆದರೆ ಇಳಿದು ತಳ್ಳಬೇಕಾಗಲಿಲ್ಲ.

ಏರಿನ ಸಮಸ್ಯೆಗೆ ಕೆಲವು ಅಂಗಡಿಗಳಲ್ಲಿ ಒಂದು ಉಪಾಯ ಹೇಳುತ್ತಾರೆ: ಒಳಗಿನ ವೈರ್ ತೆಗೆದರೆ ನಲವತ್ತರ ತನಕ ಓಡುತ್ತದೆ ಅಂತ. ದಯವಿಟ್ಟು ಒಪ್ಪಬೇಡಿ. 25 ದಾಟಿದ ಕ್ಷಣ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಯಾರಿಗಾದರೂ ತಾಗಿ ಪೆಟ್ಟಾದರೆ ಎಲ್ಲವೂ ನಿಮ್ಮ ತಲೆ ಮೇಲೆ.

ಇನ್ನು ಬ್ಯಾಟರಿ. ಈ ಬೆಲೆಯ ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಲೆಡ್ ಆ್ಯಸಿಡ್ ಬ್ಯಾಟರಿಯೇ ಇರುತ್ತದೆ. 12 ವೋಲ್ಟಿನ ಐದು ಡಬ್ಬಿ ಸೇರಿಸಿ 60 ವೋಲ್ಟ್. "ಗ್ರಾಫೀನ್ ಬ್ಯಾಟರಿ ಐತ್ರಿ" ಅಂತ ಹೇಳಿದರೂ ಅದೂ ಲೆಡ್ ಆ್ಯಸಿಡ್ ಜಾತಿಯದೇ. ಐದರಲ್ಲಿ ಒಂದು ಸೋತರೆ ಇಡೀ ಸೆಟ್ ಸೋತ ಹಾಗೆ. ಕಾಕಾ ಅವರ ಗಾಡಿಯಲ್ಲಿ ಮೀಟರ್ ಮೂರು ಗೀಟು ತೋರಿಸುತ್ತಿರುತ್ತದೆ. ಏರಿನಲ್ಲಿ ಆ್ಯಕ್ಸಿಲರೇಟರ್ ತಿರುವಿದ ಕೂಡಲೇ ಒಂದಕ್ಕೆ ಬೀಳುತ್ತದೆ, ಬಿಟ್ಟರೆ ಮತ್ತೆ ಮೂರು. ಬ್ಯಾಟರಿಗೆ ವಯಸ್ಸಾಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ದಿನಾ ಓಡಿಸುವವರಿಗೆ ಒಂದೂವರೆ ಎರಡು ವರ್ಷಕ್ಕೆ ಹೊಸ ಸೆಟ್ ಬೇಕಾಗುತ್ತದೆ. ನನಗೆ ಹೇಳಿದ ಬೆಲೆ ಹದಿನೈದು ಸಾವಿರದ ಹತ್ತಿರ.

ಇ-ಸೈಕಲ್ಲಿನದು ಲಿಥಿಯಂ. ಸೈಕಲ್ ಮೂವತ್ತು ಮೂವತ್ತೈದು ಸಾವಿರಕ್ಕೆ ಬರುತ್ತದೆ, ಮುಂದೊಂದು ದಿನ ಬ್ಯಾಟರಿ ಬದಲಿಸಲು ಹತ್ತು ಹನ್ನೆರಡು ಸಾವಿರ ಅಂದರು. ಆದರೆ ಅದು ಬೇಗ ಬರುವ ಖರ್ಚಲ್ಲ. ಇಲ್ಲಿ ರೇಂಜ್, ಅಂದರೆ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಅನ್ನುವ ವಿಷಯಕ್ಕೆ ಸ್ಟಿಕ್ಕರ್ ನಂಬುವುದಕ್ಕಿಂತ ನೀವೇ ಲೆಕ್ಕ ಹಾಕುವುದು ಒಳ್ಳೆಯದು. ಬ್ಯಾಟರಿಯ ಮೇಲಿನ ವೋಲ್ಟನ್ನು ಆ್ಯಂಪಿಯರ್-ಅವರ್‌ನಿಂದ ಗುಣಿಸಿ, ಅದರಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವುದು ವ್ಯಾಟ್-ಅವರ್‌ನಲ್ಲಿ ಸಿಗುತ್ತದೆ. 36 ವೋಲ್ಟ್, 5.8 ಆ್ಯಂಪಿಯರ್-ಅವರ್ ಅಂದರೆ ಸುಮಾರು 210 ವ್ಯಾಟ್-ಅವರ್. ಪೆಡಲ್ ತುಳಿಯದೆ ಬರೀ ಆ್ಯಕ್ಸಿಲರೇಟರ್ ತಿರುವಿ ಹೋದರೆ ಕಿಲೋಮೀಟರ್‌ಗೆ ಹತ್ತು ವ್ಯಾಟ್-ಅವರ್ ಹಿಡಿಯಿರಿ, ಅಂದರೆ ಇಪ್ಪತ್ತು ಕಿಲೋಮೀಟರ್. ತುಳಿದರೆ ಮೂವತ್ತರ ತನಕ. ನನ್ನ ದಾರಿಗೆ ಇದು ಧಾರಾಳ ಸಾಕು. ಧಾರವಾಡಕ್ಕೆ ಹೋಗುವುದಾದರೆ ಮಾತು ಬೇರೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ದಾರಿ ಇಪ್ಪತ್ತು ಕಿಲೋಮೀಟರ್. ಚಿಗರಿ ಬಸ್ಸಿಗೆಂದೇ ಮೀಸಲಾದ ದಾರಿಗೆ ನಮ್ಮನ್ನು ಬಿಡುವುದಿಲ್ಲ, ದೊಡ್ಡ ಗಾಡಿಗಳ ಜೊತೆಗೇ ಹೋಗಬೇಕು. ಈ ಎರಡೂ ಗಾಡಿ ಆ ದಾರಿಗೆ ಅಲ್ಲ. ಬಸ್ಸಿಗೆ ಹೋಗಿ.

ಚಾರ್ಜ್ ಮಾಡುವುದರಲ್ಲೂ ದೊಡ್ಡ ವ್ಯತ್ಯಾಸ ಇದೆ. ನಾವಿರುವುದು ಎರಡನೇ ಮಹಡಿಯಲ್ಲಿ. ಸೈಕಲ್ ಬ್ಯಾಟರಿಯನ್ನು ಕೀಲಿ ತಿರುಗಿಸಿ ತೆಗೆದು ಚೀಲದಲ್ಲಿ ಹಾಕಿಕೊಂಡು ಹತ್ತುತ್ತೇನೆ, ಎರಡು ಕೆಜಿ ಇರಬಹುದು. ಸ್ಕೂಟರಿನ ಬ್ಯಾಟರಿ ಎತ್ತುವ ಮಾತೇ ಇಲ್ಲ. ಕೆಳಗೆ ಪ್ಲಗ್ ಇಲ್ಲದವರು ಮೇಲಿಂದ ವೈರ್ ಇಳಿಬಿಡುತ್ತಾರೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ರಾತ್ರಿಯಿಡೀ ಹಾಗೆ ಬಿಡುವುದು ಅಪಾಯ. ಬಾಡಿಗೆ ಮನೆಯವರು ಗಾಡಿ ನೋಡುವ ಮೊದಲು ಪ್ಲಗ್ ಎಲ್ಲಿದೆ ಅಂತ ನೋಡಿಕೊಳ್ಳಿ.

ಹಾಗಂತ ಸೈಕಲ್ಲಿನಲ್ಲಿ ಎಲ್ಲವೂ ಸರಿ ಇಲ್ಲ. ನಾನು ಓಡಿಸಿದ್ದರಲ್ಲಿ ಪೆಡಲ್ ತಿರುಗುವುದನ್ನು ಮಾತ್ರ ಗುರುತಿಸುವ ಸೆನ್ಸರ್ ಇದೆ. ಅರ್ಧ ಸುತ್ತು ತುಳಿದ ಮೇಲೆ ಮೋಟರ್ ಏಳುತ್ತದೆ, ತುಳಿಯುವುದು ನಿಲ್ಲಿಸಿದರೂ ಒಂದು ಕ್ಷಣ ಮುಂದಕ್ಕೆ ಎಳೆಯುತ್ತದೆ. ದುರ್ಗದ ಬೈಲ ಸಂಜೆಯ ಗದ್ದಲದಲ್ಲಿ ಇದು ಕಿರಿಕಿರಿ. ಬ್ರೇಕ್ ಹಿಡಿದ ಕೂಡಲೇ ಮೋಟರ್ ನಿಲ್ಲುತ್ತದೆ, ಹಾಗಾಗಿ ಜನರ ನಡುವೆ ಬೆರಳು ಬ್ರೇಕ್ ಮೇಲೇ ಇರಲಿ. ಪಂಕ್ಚರ್ ಇನ್ನೊಂದು ತಲೆನೋವು. ಮೋಟರ್ ಹಿಂದಿನ ಗಾಲಿಯಲ್ಲೇ ಇದೆ, ವೈರ್ ನೋಡಿ ಪಂಕ್ಚರ್ ಅಂಗಡಿಯವರು ಹಿಂದೆ ಸರಿಯುತ್ತಾರೆ. "ಇದರ ಗಾಲಿ ಬಿಚ್ಚೂದು ನಮಗ ಗೊತ್ತಿಲ್ರೀ" ಅಂದರು ಒಬ್ಬರು. ಗಾಲಿ ಬಿಚ್ಚಬೇಕಾಗಿಯೇ ಇಲ್ಲ. ಟೈರ್ ಒಂದು ಬದಿ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ಅಲ್ಲೇ ಪ್ಯಾಚ್ ಹಾಕಬಹುದು. ಹಾಗೆ ಹೇಳಿದ ಮೇಲೆ ಅವರೇ ಮಾಡಿಕೊಟ್ಟರು.

ಹಳೆ ಸೈಕಲ್ಲಿಗೆ ಮೋಟರ್ ಕಿಟ್ ಹಾಕಿಸಿದ್ದನ್ನೂ ಗದಗಿನಲ್ಲಿ ಒಮ್ಮೆ ಓಡಿಸಿದೆ. ಅಗ್ಗ, ನಿಜ. ಆದರೆ ಹಳೆ ಬ್ರೇಕ್ ಆ ವೇಗಕ್ಕೆ ಸಾಲದು. ನನಗೆ ಧೈರ್ಯ ಬರಲಿಲ್ಲ.

ಇಬ್ಬರು ಕೂತು ಏರು ಹತ್ತಲೇಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು ಅನ್ನುವವರು ಈ ಎರಡನ್ನೂ ಬಿಟ್ಟು ನೋಂದಣಿ ಆಗುವ ಸ್ಕೂಟರಿಗೆ ದುಡ್ಡು ಕೂಡಿಸಿ ಅಂತಲೇ ಹೇಳುತ್ತೇನೆ. ಬೆಲೆ ಹೆಚ್ಚು, 2023ರ ಜೂನ್‌ನಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಫೇಮ್ ಸಬ್ಸಿಡಿ ಇಳಿದ ಮೇಲೆ ಇನ್ನೂ ಏರಿತು. ಇನ್ನೊಂದು ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಎರಡು ಯೂನಿಟ್ ಚಿಲ್ಲರೆ ಬ್ಯಾಟರಿಯ ಸ್ಕೂಟರನ್ನು ದಿನ ಬಿಟ್ಟು ದಿನ ಚಾರ್ಜ್ ಮಾಡಿದರೆ ತಿಂಗಳಿಗೆ ಮೂವತ್ತೈದು ನಲವತ್ತು ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ ಉಚಿತ ಸಿಗುವುದು ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಅದು ದಾಟಿದರೆ ಹೆಚ್ಚಿನದಕ್ಕೆ ಹೆಸ್ಕಾಂ ಬಿಲ್ ಬರುತ್ತದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಸೈಕಲ್ ದಿನಾ ಚಾರ್ಜ್ ಮಾಡಿದರೂ ತಿಂಗಳಿಗೆ ಏಳು ಎಂಟು ಯೂನಿಟ್.

ನಾನು ಸೈಕಲ್ಲನ್ನೇ ತಗೊಂಡೆ. ಕಾಕಾ ಅವರಿಗೆ ಸ್ಕೂಟರೇ ಸರಿ, ಅವರಿಗೆ ಮೊಣಕಾಲು ನೋವು, ಓಡಾಟವೆಲ್ಲ ಸಮತಟ್ಟು ರಸ್ತೆಯಲ್ಲಿ. ನೀವು ಯಾವುದೇ ತಗೊಳ್ಳಿ, ಟೆಸ್ಟ್ ರೈಡ್‌ಗೆ ಅಂಗಡಿ ಮುಂದಿನ ರಸ್ತೆ ಸಾಲದು, ನಿಮ್ಮ ಮನೆಯ ಏರಿಗೆ ಒಯ್ಯಿರಿ, ಅದೂ ಅರ್ಧ ಚಾರ್ಜ್ ಇರುವಾಗ. ಬ್ಯಾಟರಿ ಮೇಲೆ ತಯಾರಾದ ತಿಂಗಳು ಬರೆದಿರುತ್ತದೆ, ಓದಿ. ವರ್ಷಗಟ್ಟಲೆ ಅಂಗಡಿಯಲ್ಲೇ ಕೂತಿದ್ದ ಬ್ಯಾಟರಿ ಓಡದೆಯೂ ಹಳತಾಗಿರುತ್ತದೆ. ಅಂಥದ್ದನ್ನು ರಿಯಾಯಿತಿಯಲ್ಲಿ ಕೊಟ್ಟರೂ ಬೇಡ.