ಹಿಂದಿನ ಸೀಟಿನವಳ ಮಾತು: ಮೂರು ವರ್ಷದಿಂದ ಓಡಿಸುತ್ತಿರುವ ಸೆಕೆಂಡ್ ಹ್ಯಾಂಡ್ ಟ್ಯಾಂಡಮ್

ಇಬ್ಬರು ತುಳಿಯುವ ಟ್ಯಾಂಡಮ್ ಸೈಕಲ್ ಬಗ್ಗೆ ಓದಲು ಹೊರಟರೆ ಬರೆದವರೆಲ್ಲ ಮುಂದೆ ಕೂತವರೇ. ಹ್ಯಾಂಡಲ್ ಅವರ ಕೈಯಲ್ಲಿ, ಬ್ರೇಕ್ ಅವರ ಕೈಯಲ್ಲಿ, ಗೇರ್ ಅವರ ಕೈಯಲ್ಲಿ, ಕೊನೆಗೆ ವಿಮರ್ಶೆ ಬರೆಯುವ ಕೆಲಸವೂ ಅವರದ್ದೇ. ಮುಂದಿನವರಿಗೆ ಕ್ಯಾಪ್ಟನ್ ಅನ್ನುತ್ತಾರೆ, ಹಿಂದಿನವರಿಗೆ ಸ್ಟೋಕರ್. ನಾನು ಸ್ಟೋಕರ್. ಹಾಗಾಗಿ ಇದು ಹಿಂದಿನ ಸೀಟಿನಿಂದ ಬರೆದದ್ದು.

ನಮ್ಮದು ಬರ್ಲಿ ಡ್ಯೂಯೆಟ್. ಸ್ಟೀಲ್ ಫ್ರೇಮು, 700ಸಿ ಅನ್ನುವ ಅಳತೆಯ ಚಕ್ರ, ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್. ಮಿಕ್ಕ ವಿವರ ಹುಡುಕಿದರೆ ಸಿಗುತ್ತದೆ, ಬಿಡಿ. ಒರೆಗಾನ್ ರಾಜ್ಯದ ಯೂಜೀನ್ ಊರಿನ ಬರ್ಲಿ ಒಂದು ಕಾಲದಲ್ಲಿ ಕೆಲಸಗಾರರೇ ಸೇರಿ ನಡೆಸುತ್ತಿದ್ದ ಸಹಕಾರಿ ಸಂಸ್ಥೆ. 2006ರಲ್ಲಿ ಸೈಕಲ್ ಮಾಡುವುದನ್ನು ನಿಲ್ಲಿಸಿದರು. ಈಗ ಅವರ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಸೈಕಲ್ ಹಿಂದೆ ಕಟ್ಟುವ ಮಕ್ಕಳ ಟ್ರೇಲರ್. ಅಂದರೆ ಬರ್ಲಿ ಟ್ಯಾಂಡಮ್ ಬೇಕು ಅಂದರೆ ಹಳೆಯದೇ ಗತಿ. ನಾವಿರುವುದು ವಾಷಿಂಗ್ಟನ್ ರಾಜ್ಯದ ರೆಡ್ಮಂಡಿನಲ್ಲಿ. ಯೂಜೀನ್ ದಕ್ಷಿಣಕ್ಕೆ ಹೈವೇ ಹಿಡಿದರೆ ಸಿಗುವ ಊರು, ಹಾಗಾಗಿ ಈ ಕಡೆ ಹಳೇ ಬರ್ಲಿಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಹಳೇ ಸಾಮಾನಿನ ಜಾಹೀರಾತು ಬರುವ ಕ್ರೇಗ್ಸ್‌ಲಿಸ್ಟ್ ಜಾಲತಾಣದಲ್ಲಿ ನೋಡಿ, 650 ಡಾಲರಿಗೆ ತಂದೆವು. ಹೊಸ ಟ್ಯಾಂಡಮ್ ಬೆಲೆ ಸಾವಿರಗಳಲ್ಲಿ. ಅಷ್ಟು ದುಡ್ಡಿದ್ದರೆ ಊರಿಗೆ ಹೋಗಿ ಬರುತ್ತೇವೆ.

ಯಾಕೆ ಬೇಕಾಯಿತು ಅಂದರೆ, ಬೇರೆ ಬೇರೆ ಸೈಕಲ್ ತುಳಿದು ಸಾಕಾಗಿತ್ತು. ಇವರು ಮುಂದೆ ಹೋಗಿ ತಿರುವಿನಲ್ಲಿ ಕಾಯುತ್ತಾರೆ. ನಾನು ಏದುಸಿರು ಬಿಡುತ್ತಾ ಬಂದು ಸೇರುವ ಹೊತ್ತಿಗೆ ಇವರ ವಿಶ್ರಾಂತಿ ಮುಗಿದಿರುತ್ತದೆ. "ಹೊರಡೋಣ್ವಾ?" ಅನ್ನುತ್ತಾರೆ. ಗಂಡ ಹೆಂಡತಿ ಜೊತೆಯಾಗಿ ಸೈಕಲ್ ತುಳಿಯುವ ಮನೆಗಳಲ್ಲಿ ಈ ಜಗಳ ಗೊತ್ತಿಲ್ಲದವರು ಕಮ್ಮಿ. ಟ್ಯಾಂಡಮ್ಮಿನಲ್ಲಿ ಯಾರೂ ಯಾರಿಗೂ ಕಾಯುವ ಹಾಗಿಲ್ಲ. ಇವರು ಜೋರಾಗಿ ತುಳಿಯಲಿ, ನಾನು ಮೆಲ್ಲಗೆ ತುಳಿಯಲಿ, ಸೇರುವುದು ಒಟ್ಟಿಗೇ.

ಹುಡುಕುವಾಗ ಮೊದಲು ನೋಡಿದ್ದು ಎಪ್ಪತ್ತರ ದಶಕದ್ದು. ಬಣ್ಣ ಚಂದ, ಬೆಲೆ ಕಮ್ಮಿ, ಇವರ ಮನಸ್ಸು ಆಗಲೇ ಒಪ್ಪಿಯಾಗಿತ್ತು. ನಾನು ಹಿಂದೆ ಹತ್ತಿ ಕೂತೆ. ಮೂಗು ಇವರ ಬೆನ್ನಿಗೆ ತಾಗುವಷ್ಟು ಹತ್ತಿರ. ಆ ಕಾಲದ ಟ್ಯಾಂಡಮ್‌ಗಳಲ್ಲಿ ಹಿಂದಿನವರ ಜಾಗ ಬಹಳ ಗಿಡ್ಡ. ನೋಡಲು ಹೋಗುವಾಗ ಅಳತೆ ಟೇಪು ಒಯ್ಯಿರಿ. ಮುಂದಿನ ಪೆಡಲ್ ತಿರುಗುವ ಅಚ್ಚಿನಿಂದ ಹಿಂದಿನ ಅಚ್ಚಿನವರೆಗೆ ಎಷ್ಟಿದೆ ನೋಡಿ. ಹಳೆಯವುಗಳಲ್ಲಿ 22ರಿಂದ 24 ಇಂಚು ಇರುತ್ತದೆ, ಆಮೇಲಿನ ಒಳ್ಳೆಯವುಗಳಲ್ಲಿ 27-28. ಈ ಮೂರ್ನಾಲ್ಕು ಇಂಚಿನ ಮೇಲೆ ನಿಮ್ಮ ಭಾನುವಾರಗಳೆಲ್ಲ ನಿಂತಿವೆ. ಮಾರುವವರು ಜಾಹೀರಾತಿನಲ್ಲಿ ಇದನ್ನು ಹಾಕುವುದೇ ಇಲ್ಲ. ಹಾಕುವುದು ಮುಂದಿನವರ ಎತ್ತರಕ್ಕೆ ಹೊಂದುವ ಸೈಜು ಮಾತ್ರ.

ಇನ್ನೊಂದು ವಿಷಯ. ಹಿಂದಿನ ಹ್ಯಾಂಡಲ್ ಕಚ್ಚಿಕೊಂಡಿರುವುದು ಮುಂದಿನವರ ಸೀಟಿನ ಕಂಬಕ್ಕೆ. ಅದನ್ನು ಹಿಡಿದಿರುವ ಸ್ಟೆಮ್ಮನ್ನು ಉದ್ದ, ಗಿಡ್ಡ ಮಾಡಲು ಬರುತ್ತದಾ ನೋಡಿ. ನಮ್ಮದರಲ್ಲಿ ಬರುತ್ತದೆ. ನಾನು ಐದಡಿ ಎರಡಿಂಚು, ಮೊದಲಿದ್ದ ಒಡತಿ ನನಗಿಂತ ತುಂಬಾ ಉದ್ದ. ಬೋಲ್ಟು ಸಡಿಲಿಸಿ ಎಳೆದುಕೊಂಡೆ, ಕೆಲಸ ಮುಗಿಯಿತು. ಸೀಟಿನ ಎತ್ತರದ ವಿಷಯದಲ್ಲಿ ಮಾತ್ರ ಹಿಂದಿನವರೇ ಭಾಗ್ಯವಂತರು. ಸಿಗ್ನಲ್ಲಿನಲ್ಲಿ ಕಾಲು ಊರುವ ಕೆಲಸ ಮುಂದಿನವರದ್ದು. ನಮಗೆ ನೆಲ ಮುಟ್ಟಬೇಕಾದ್ದೇ ಇಲ್ಲ, ಮಂಡಿಗೆ ಹಿತವಾಗುವ ಎತ್ತರಕ್ಕೇ ಸೀಟು ಏರಿಸಬಹುದು. ನನ್ನ ಎಡಮಂಡಿಯ ನೋವು ಈ ಸೈಕಲಿನಲ್ಲಿ ಕಾಡದಿರಲು ಇದೇ ಕಾರಣ ಅಂತ ನನ್ನ ನಂಬಿಕೆ.

ಉಳಿದ ಪರೀಕ್ಷೆ ಬೇಗ ಹೇಳಿ ಮುಗಿಸುತ್ತೇನೆ. ಎರಡು ಜೊತೆ ಪೆಡಲನ್ನು ಕಟ್ಟಿಹಾಕುವ ಎಡಗಡೆಯ ಉದ್ದ ಚೈನಿಗೆ ಟೈಮಿಂಗ್ ಚೈನ್ ಅನ್ನುತ್ತಾರೆ. ಅದು ಸಡಿಲಾದರೆ ಬಿಗಿ ಮಾಡಲು ಮುಂದಿನ ಪೆಡಲಿನ ಅಚ್ಚು ಒಂದು ಡ್ರಮ್ಮಿನೊಳಗೆ ಕೂತಿರುತ್ತದೆ, ನಟ್ಟನಡುವೆ ಅಲ್ಲ, ಒಂದು ಪಕ್ಕಕ್ಕೆ. ಡ್ರಮ್ ತಿರುಗಿಸಿದರೆ ಅಚ್ಚು ಮುಂದೆ ಹೋಗಿ ಚೈನ್ ಬಿಗಿಯಾಗುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಸೈಕಲಿನಲ್ಲಿ ಇದು ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಮಾರುವವರನ್ನು ನಿಮ್ಮ ಕಣ್ಣೆದುರೇ ಒಮ್ಮೆ ತಿರುಗಿಸಿ ತೋರಿಸಲು ಕೇಳಿ. ಚೈನ್ ಸವೆದಿದೆಯಾ ತಿಳಿಯಲು ಒಂದಡಿ ಸ್ಕೇಲು ಸಾಕು: ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಇಂಚು ಬರಬೇಕು, ಒಂದಿಂಚಿನ ಹದಿನಾರನೇ ಒಂದು ಭಾಗದಷ್ಟು ಜಾಸ್ತಿಯಾದರೆ ಬದಲಿಸುವ ಕಾಲ ಬಂದಿದೆ. ಹಿಂದಿನ ಚಕ್ರದ ಹಬ್, ಅಂದರೆ ನಡುವಿನ ಗುಂಭದ ಅಗಲವನ್ನೂ ಕೇಳಿಟ್ಟುಕೊಳ್ಳಿ. ಡಿಸ್ಕ್ ಬ್ರೇಕ್ ಇಲ್ಲದ ಮಾಮೂಲಿ ರೋಡ್ ಸೈಕಲಿನದ್ದು 130 ಮಿ.ಮೀ., ಟ್ಯಾಂಡಮ್ಮಿನದ್ದು 140, 145, ಸಂಟಾನಾ ಕಂಪನಿಯದ್ದಾದರೆ 160. ಚಕ್ರ ಕೈಕೊಟ್ಟ ದಿನ ಈ ಅಂಕಿ ಬೇಕಾಗುತ್ತದೆ.

ಗೇರ್ ಕೇಬಲ್ ಕೂಡ ಅಂಗಡಿಯಲ್ಲಿ ನೇತುಹಾಕಿರುವ ಮಾಮೂಲಿ ಉದ್ದದ್ದು ಸಾಲುವುದಿಲ್ಲ, ಟ್ಯಾಂಡಮ್ಮಿನದ್ದೇ ತರಿಸಬೇಕು. ನಾನು ಎರಡು ಜೊತೆ ತರಿಸಿ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಈಗ ಸವಾರಿಗೆ ಬರೋಣ.

ಹೊರಡುವುದಕ್ಕೇ ಒಂದು ಕ್ರಮವಿದೆ. ಇವರು ಸೈಕಲ್ ನಡುವೆ ಕಾಲಗಲಿಸಿ ನಿಂತು, ಎರಡೂ ಬ್ರೇಕ್ ಒತ್ತಿ ಹಿಡಿಯುತ್ತಾರೆ. ನಾನು ಹತ್ತಿ, ಕೂತು, ಎರಡೂ ಪಾದ ಪೆಡಲಿಗೆ ಸೇರಿಸುತ್ತೇನೆ. ಆಮೇಲೆ ಪೆಡಲನ್ನು ಹಿಂದಕ್ಕೆ ಸುತ್ತಿ ಇವರ ಬಲಗಾಲಿಗೆ ಬೇಕಾದ ಜಾಗಕ್ಕೆ ತಂದು ನಿಲ್ಲಿಸುತ್ತೇನೆ. ಅದು ಗಡಿಯಾರದ ಎರಡು ಗಂಟೆಯ ಜಾಗ. ಸ್ವಲ್ಪ ಮೇಲಾದರೆ "ಇನ್ನೊಂಚೂರು" ಅನ್ನುತ್ತಾರೆ. "ರೆಡಿನಾ?" "ಹೂಂ." ಇಬ್ಬರೂ ಒಟ್ಟಿಗೆ ಒತ್ತಬೇಕು. ಆ ಮೊದಲ ಒತ್ತು ಕೂಡಿ ಬಂದರೆ ಸೈಕಲ್ ಅಲ್ಲಾಡದೆ ನೆಟ್ಟಗೆ ಹೊರಡುತ್ತದೆ. ಒಬ್ಬರು ಅರೆಕ್ಷಣ ತಡ ಮಾಡಿದರೂ ಹಾವಿನ ಹಾಗೆ ಹೊರಳುತ್ತದೆ. ಬೆಳಿಗ್ಗೆ ಮನೆಯಲ್ಲಿ ಏನಾದರೂ ಮಾತಿಗೆ ಮಾತು ಬೆಳೆದಿದ್ದರೆ ಅದು ಈ ಮೊದಲ ಒತ್ತಿನಲ್ಲೇ ಗೊತ್ತಾಗಿಬಿಡುತ್ತದೆ.

ನಮ್ಮ ಖಾಯಂ ದಾರಿ ಸಮಾಮಿಶ್ ರಿವರ್ ಟ್ರೇಲ್. ಮೇರಿಮೂರ್ ಪಾರ್ಕಿನಿಂದ ಹೊಳೆ ಪಕ್ಕದಲ್ಲೇ ವುಡಿನ್‌ವಿಲ್ ದಾಟಿ ಬಾತೆಲ್‌ವರೆಗೆ. ಪೂರ್ತಿ ಸಪಾಟು, ಟ್ಯಾಂಡಮ್ಮಿಗೆ ಹೇಳಿ ಮಾಡಿಸಿದ ದಾರಿ. ತುಳಿಯುವವರು ಇಬ್ಬರು, ಎದುರುಗಾಳಿ ತಿನ್ನುವುದು ಹೆಚ್ಚುಕಮ್ಮಿ ಒಬ್ಬರೇ, ಹಾಗಾಗಿ ಸಮತಟ್ಟಿನಲ್ಲಿ ವೇಗ ತಾನಾಗಿಯೇ ಏರುತ್ತದೆ. ಟ್ರೇಲ್ ಮೇಲೆ ಗಂಟೆಗೆ 15 ಮೈಲಿ ಮಿತಿ ಇದೆ. ನಾಯಿ ಹಿಡಿದು ನಡೆಯುವವರೂ ಪುಟ್ಟ ಮಕ್ಕಳೂ ಇರುವ ದಾರಿ, ಮಿತಿ ಮೀರದ ಹಾಗೆ ಇವರನ್ನು ಹಿಂದಿನಿಂದ ಎಚ್ಚರಿಸುವುದು ನನ್ನ ಡ್ಯೂಟಿ.

ನನ್ನ ಇತರೆ ಡ್ಯೂಟಿಗಳು: ತಿರುಗುವಾಗ ಕೈ ತೋರಿಸುವುದು, ನಕ್ಷೆ ನೋಡುವುದು, ಫೋಟೋ, ತಿಂಡಿ. ತಿಂಡಿಯೇ ಮುಖ್ಯ. ನನ್ನ ಎರಡೂ ಕೈ ಖಾಲಿ ಅಲ್ವಾ, ಹ್ಯಾಂಡಲಿಗೆ ಒಂದು ಚಿಕ್ಕ ಬ್ಯಾಗು ಕಟ್ಟಿದ್ದೇನೆ. ಅದರಲ್ಲಿ ಕೋಡುಬಳೆ, ಕಡಲೆಬೀಜದ ಚಿಕ್ಕಿ. ಕೋಡುಬಳೆ ಮುರಿದು ಇವರ ಬಲಭುಜದ ಮೇಲಿಂದ ಚಾಚುತ್ತೇನೆ. ಇವರು ಕಣ್ಣು ರಸ್ತೆ ಮೇಲಿಟ್ಟೇ ಕತ್ತು ತಿರುಗಿಸದೆ ಬಾಯಿ ತೆರೆಯುತ್ತಾರೆ. ಎದುರಿಗೆ ಬರುವವರು ನಗುತ್ತಾರೆ. ಆಗಸ್ಟಿನಲ್ಲಿ ದಾರಿಯುದ್ದಕ್ಕೂ ಬ್ಲಾಕ್‌ಬೆರಿ ಪೊದೆ, ಆಗ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿಯೂ ಇರುತ್ತದೆ.

ನಾನು ನಿರೀಕ್ಷಿಸದೇ ಇದ್ದದ್ದು ಮಾತು. ಎರಡು ಸೈಕಲ್ ಇದ್ದಾಗ ಗಾಳಿಯಲ್ಲಿ ಕೂಗಿ ಕೂಗಿ ಗಂಟಲು ಹೋಗುತ್ತಿತ್ತು. ಇಲ್ಲಿ ನನ್ನ ಬಾಯಿ ಇವರ ಕಿವಿಗೆ ಎರಡಡಿ ದೂರ. ಮನೆಯಲ್ಲಿ ಫೋನು, ಮೀಟಿಂಗು, ಮಗನ ಹೋಂವರ್ಕು ಅಂತ ಅರ್ಧಕ್ಕೇ ನಿಲ್ಲುವ ಮಾತುಗಳೆಲ್ಲ ಇಲ್ಲಿ ಕೊನೆ ಮುಟ್ಟುತ್ತವೆ. ಮೈಸೂರಿನ ಮನೆ ಬಾಡಿಗೆಗೆ ಕೊಡುವುದಾ ಬೇಡವಾ ಅನ್ನುವುದು ತೀರ್ಮಾನವಾದದ್ದೂ ವುಡಿನ್‌ವಿಲ್ ಹತ್ತಿರ ಎಲ್ಲೋ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಬೆನ್ನಿಗೆ ಹೇಳುವುದು ಸಲೀಸು. ಅತ್ತೆ ಬಂದಿದ್ದಾಗ ಇದನ್ನು ನೋಡಿ, "ಕ್ಯಾರಿಯರ್ ಮೇಲೆ ಸುಮ್ನೆ ಕೂತ್ಕೊಳ್ಳೋ ಬದಲು ನೀನೂ ತುಳೀಬೇಕಾ? ಇದರಿಂದೇನು ಲಾಭ?" ಅಂದರು. ಸಂಜೆ ಹಿಂದೆ ಹತ್ತಿಸಿ ಪಾರ್ಕಿಂಗ್ ಲಾಟಿನಲ್ಲಿ ಒಂದು ಸುತ್ತು ಹಾಕಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಇಷ್ಟು ಓದಿ ಆಸೆಪಟ್ಟವರಿಗೆ ಈಗ ಕಹಿ.

ಮುಂದಿನ ಗುಂಡಿ ನನಗೆ ಕಾಣುವುದಿಲ್ಲ. ಇವರಿಗೆ ಕಾಣುತ್ತದೆ, ಸೀಟಿನಿಂದ ಸ್ವಲ್ಪ ಏಳುತ್ತಾರೆ, ಗುಂಡಿ ದಾಟುತ್ತಾರೆ. ಹಿಂದಿನ ಚಕ್ರ ಹೆಚ್ಚುಕಮ್ಮಿ ನನ್ನ ಸೀಟಿನ ಕೆಳಗೇ ಇದೆ. ಆ ಏಟು ನೇರವಾಗಿ ಬೆನ್ನುಹುರಿಗೆ. ಬಾತೆಲ್ ದಾಟಿ ಬರ್ಕ್-ಗಿಲ್ಮನ್ ಟ್ರೇಲ್ ಹಿಡಿದರೆ, ಅಲ್ಲಲ್ಲಿ ಮರದ ಬೇರು ಡಾಂಬರನ್ನು ಒಳಗಿಂದ ಎತ್ತಿ ದಿಣ್ಣೆ ಮಾಡಿಬಿಟ್ಟಿದೆ. "ರೀ, ಬೇರು ಬಂದ್ರೆ ಹೇಳ್ರೀ" ಅಂತ ಶುರುವಿನಲ್ಲೇ ಹೇಳಿರುತ್ತೇನೆ. ಮೊದಲ ಹತ್ತು ನಿಮಿಷ "ಬೇರು ಕಣೇ", "ಗುಂಡಿ" ಅಂತ ಚೆನ್ನಾಗಿ ಕೂಗುತ್ತಾರೆ. ಆಮೇಲೆ ಮಾತಿನಲ್ಲಿ ಮುಳುಗುತ್ತಾರೆ. ಧಡ್! "ಅಯ್ಯೋ ಸಾರಿ." ಈ ಸಾರಿ ಅನ್ನುವುದು ಯಾವಾಗಲೂ ಗುಂಡಿ ದಾಟಿದ ಮೇಲೇ ಬರುತ್ತದೆ. ಸ್ಪ್ರಿಂಗ್ ಇರುವ ಸೀಟುಕಂಬ ಹಾಕಿಸೋಣ ಅಂದರೆ ನನ್ನ ಎತ್ತರಕ್ಕೆ ಫ್ರೇಮಿನ ಮೇಲೆ ಅದಕ್ಕೆ ಬೇಕಾದಷ್ಟು ಜಾಗವೇ ಉಳಿಯುವುದಿಲ್ಲ. ಸಣ್ಣ ಎತ್ತರದ ಹೆಂಗಸರು ಸೈಕಲ್ ಆರಿಸುವಾಗಲೇ ಇದನ್ನು ನೋಡಿಕೊಳ್ಳಿ. ಕೊನೆಗೆ ದಪ್ಪ ಟೈರು ಹಾಕಿಸಿ, ಗಾಳಿ ಸ್ವಲ್ಪ ಕಮ್ಮಿ ಬಿಟ್ಟು, ಅಗಲದ ಸೀಟು ಕೊಂಡೆ. ಅರ್ಧ ವಾಸಿ.

ಎರಡನೇ ಕಹಿ, ರಿಪೇರಿ. ಈ ಕಡೆಯ ಒಂದು ಅಂಗಡಿಗೆ ಸರ್ವೀಸಿಗೆ ಕೊಟ್ಟಿದ್ದೆವು. ವಾಪಸ್ ಬಂದಾಗ ಏನೋ ಸರಿಯಿಲ್ಲ ಅನ್ನಿಸಿತು. ನನ್ನ ಪಾದ ಇವರದಕ್ಕಿಂತ ಒಂದು ಚೂರು ಮೊದಲೇ ಮೇಲೆ ಬರುತ್ತಿತ್ತು. ಇವರಿಗೆ ಗೊತ್ತೇ ಆಗಲಿಲ್ಲ. ಇಳಿದು ಪಕ್ಕದಿಂದ ನೋಡಿದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕು, ಮುಂದಿನದೂ ಹಿಂದಿನದೂ ಒಂದೇ ಸಮಕ್ಕಿಲ್ಲ. ಟೈಮಿಂಗ್ ಚೈನ್ ಹಾಕುವಾಗ ಒಂದು ಹಲ್ಲು ತಪ್ಪಿಸಿದ್ದರು. ಹಾಗೇ ಓಡಿಸುವವರೂ ಇದ್ದಾರೆ, ಅಪಾಯವೇನಿಲ್ಲ. ಆದರೆ ಕೇಳದೆ ಮಾಡಿದ್ದು, ಮೇಲೆ ಬಿಲ್ಲು ಬೇರೆ! ಡ್ರಮ್ ಸಡಿಲಿಸಿ, ಚೈನ್ ಎತ್ತಿ, ಒಂದು ಹಲ್ಲು ಸರಿಸಿ ಕೂರಿಸಿದೆವು. ಆಮೇಲಿಂದ ಎಡಗಡೆಯ ಕೆಲಸವೆಲ್ಲ ಮನೆಯಲ್ಲೇ. ಬೆರಳಿನಲ್ಲಿ ಒತ್ತಿದರೆ ಅರ್ಧ ಇಂಚು ಆಡಬೇಕು, ಅಷ್ಟೇ ಲೆಕ್ಕ.

ಏರು, ಇಳಿಜಾರಿನ ಬಗ್ಗೆ ಒಂದು ಮಾತು. ನಮ್ಮ ಮನೆ ಎಜುಕೇಶನ್ ಹಿಲ್ ಮೇಲೆ. ಸವಾರಿ ಮುಗಿಸಿ ದಣಿದು ಬಂದಾಗಲೇ ಏರು. ಟ್ಯಾಂಡಮ್ ಏರಿನಲ್ಲಿ ನಿಧಾನ, ಇಬ್ಬರೂ ಒಂದೇ ಗತಿಯಲ್ಲಿ ತುಳಿಯದಿದ್ದರೆ ಇನ್ನೂ ನಿಧಾನ. ಸುಮಾರು 18 ಕೆ.ಜಿ. ಸೈಕಲನ್ನು ತಳ್ಳಿಕೊಂಡು ಹೋಗಲು ನನಗೆ ನಾಚಿಕೆಯಿಲ್ಲ, ಇವರಿಗಿದೆ. ಇಳಿಜಾರಿನಲ್ಲಿ ಇಬ್ಬರ ಭಾರ ಸೇರಿ ನುಗ್ಗುತ್ತದೆ. ಚಕ್ರದ ರಿಮ್ಮಿಗೇ ಒತ್ತುವ ರಿಮ್ ಬ್ರೇಕಿನ ಟ್ಯಾಂಡಮ್ಮನ್ನು ಉದ್ದ ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಹಿಡಿದು ಇಳಿಸಿದರೆ ರಿಮ್ ಕಾದು ಟೈರೇ ಸಿಡಿಯಬಹುದು. ಗುಡ್ಡದ ಊರಿನವರು ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕೋ ಡಿಸ್ಕೋ ಇರುವುದನ್ನೇ ಹುಡುಕಿ. ನಾವು ನಡುವೆ ಒಮ್ಮೆ ನಿಂತು ತಣ್ಣಗಾಗಲು ಬಿಡುತ್ತೇವೆ.

ಗ್ಯಾರೇಜಿನಲ್ಲಿ ಎಂಟಡಿ ಗೋಡೆ ಬೇಕು. ಬಸ್ಸಿನ ಮುಂದಿನ ರ‍್ಯಾಕಿಗೆ ಹಿಡಿಸುವುದಿಲ್ಲ, ಮಾಮೂಲಿ ಕಾರ್ ರ‍್ಯಾಕಿಗೂ ಇಲ್ಲ. ಮನೆಯಿಂದಲೇ ಹೊರಡಲು ಒಳ್ಳೆಯ ದಾರಿ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಹ್ಯಾಂಡಲ್ ಬಿಟ್ಟುಕೊಡುವುದು ಆಗದ ಮಾತು ಅನ್ನುವವರಿಗೂ ಬೇಡ. ಬ್ರೇಕ್ ಇಲ್ಲದೆ, ರಸ್ತೆ ಕಾಣದೆ ಇನ್ನೊಬ್ಬರ ಹಿಂದೆ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ಕೊಳ್ಳುವ ಮುಂಚೆ ಮಾರುವವರನ್ನು ಕೇಳಿ ಅರ್ಧ ಗಂಟೆ ಓಡಿಸಿ ನೋಡಿ, ಇಳಿದ ಮೇಲೆ ಮೊದಲು ಹಿಂದೆ ಕೂತವರನ್ನು ಕೇಳಿ. ಅವರು ತಲೆ ಅಲ್ಲಾಡಿಸಿದರೆ ಬೆಲೆ ಎಷ್ಟೇ ಕಮ್ಮಿಯಾದರೂ ವಾಪಸ್ ಬನ್ನಿ.

ನಮ್ಮದನ್ನು ಸದ್ಯ ಮಾರುವ ಯೋಚನೆ ಇಲ್ಲ. ಹಿಂದಿನ ರಿಮ್ಮಿನ ಬದಿ ಬ್ರೇಕ್ ತಿಂದು ತಿಂದು ಒಳಕ್ಕೆ ಬಾಗಿದೆ, ಮುಂದಿನ ಬೇಸಿಗೆಗೆ ಬದಲಿಸಲೇಬೇಕು. ಇದಕ್ಕೆ ಕಡ್ಡಿ 40. ಅಷ್ಟು ತೂತಿನ ರಿಮ್ ಹುಡುಕುವುದೇ ಈಗ ಇವರ ರಾತ್ರಿ ಪಾಳಿಯ ಕೆಲಸ. ನಿಮ್ಮ ಯಾರದ್ದಾದರೂ ಗ್ಯಾರೇಜಿನಲ್ಲಿ 700ಸಿ, 40 ತೂತಿನದ್ದು ಸುಮ್ನೆ ಬಿದ್ದಿದ್ದರೆ ತಿಳಿಸಿ, ಕೋಡುಬಳೆ ಡಬ್ಬಿ ಸಮೇತ ಬಂದು ತಗೊಂಡು ಹೋಗುತ್ತೇವೆ.