ಕುದುರೆ ಎಳೆಯುತ್ತದೆ ಅಂತ ಗಟ್ಟಿ ಕಡಿವಾಣ ತರಿಸಬೇಡಿ, ಮೊದಲು ಬಾಯಿ ತೆರೆದು ನೋಡಿ

ಹೋದ ವರ್ಷ ಮಳೆ ಬಿಟ್ಟ ಮೇಲೆ ನಾನು ಮಾಡಿದ ದಡ್ಡ ಕೆಲಸ ಇದು. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೆ ಮಂಗಳೂರು ಕಡೆ ಕುದುರೆ ಸಾಕುವ ನನ್ನ ಪರಿಚಯದ ಇಬ್ಬರು ಇದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಣ್ಣು ಕುದುರೆ ಮಲ್ಲಿ, ಮಾರ್ವಾಡಿ ಬೆರಕೆ. ಇರುವುದು ಹಳೆಯಂಗಡಿ ಹತ್ತಿರ ನಮ್ಮ ತೆಂಗಿನ ತೋಟದಲ್ಲಿ. ಬೆಳಿಗ್ಗೆ ಜನ ಬರುವ ಮೊದಲೇ ಸಸಿಹಿತ್ಲು ಕಡಲ ಬದಿಗೆ ಒಂದು ಸುತ್ತು ಹೋಗಿ ಬರುತ್ತೇವೆ. ಚೆನ್ನಾಗಿಯೇ ಇದ್ದವಳು ನಿಧಾನಕ್ಕೆ ಲಗಾಮು ಎಳೆಯಲು ಶುರು ಮಾಡಿದಳು. ತಲೆ ಕೊಡಹುವುದು, ಬಾಯಿ ಬಿಡುವುದು, ನಾಲಿಗೆಯನ್ನು ಕಡಿವಾಣದ (ಬಾಯೊಳಗಿನ ಕಂಬಿಯ) ಮೇಲೆ ಹಾಕಿಕೊಳ್ಳುವುದು. ಎಡಕ್ಕೆ ತಿರುಗಿಸುವಾಗ ಇನ್ನೂ ಜಾಸ್ತಿ. ಎಡಕ್ಕೇ ಯಾಕೆ ಅಂತ ನನಗೆ ಆಗ ಹೊಳೆಯಲೇ ಇಲ್ಲ.

ಸವಾರಿ ಸಾಮಾನು ಮಾರುವ ಒಬ್ಬರಿಗೆ ಫೋನ್ ಮಾಡಿದೆ. ಹೆಸರು ಬೇಡ. "ಬಾಯಿ ಗಟ್ಟಿ ಆಗಿದೆ ಸರ್, ಸ್ನಾಫಲ್‌ಗೆಲ್ಲ ಬಗ್ಗುವುದಿಲ್ಲ, ಕರ್ಬ್ ಹಾಕಿ" ಅಂದರು. ಸ್ನಾಫಲ್ ಅಂದರೆ ತೋಳಿಲ್ಲದ ಸಾದಾ ಕಡಿವಾಣ, ಕರ್ಬ್ ಅಂದರೆ ತೋಳಿರುವ ಗಟ್ಟಿ ಕಡಿವಾಣ. ಅವರು ಬಾಯಿ ಅಳತೆ ಕೇಳಲಿಲ್ಲ, ಹಲ್ಲಿನ ವಿಷಯ ಎತ್ತಲಿಲ್ಲ. 2,800 ರೂಪಾಯಿ ಕಳಿಸಿದೆ. ಕೊರಿಯರ್‌ನಲ್ಲಿ ಐದೂವರೆ ಇಂಚಿನ ಕಡಿವಾಣ ಬಂತು. ಬಾಯಿಯ ಎರಡೂ ಬದಿಗೆ ಉದ್ದದ ತೋಳು, ಗದ್ದಕ್ಕೆ ಸರಪಳಿ, ಬಾಯೊಳಗೆ ಹೋಗುವ ಕಂಬಿಯ ಮೇಲೆ ಚಿಕ್ಕ ಚಿಕ್ಕ ಗುಬುಟು. ಹೊಳಪು ನೋಡಿ ಖುಷಿಪಟ್ಟೆ!

ಕರ್ಬ್ ಅಂದರೆ ಸನ್ನೆಗೋಲು. ಕಂಬಿಯಿಂದ ಕೆಳಗಿನ, ಲಗಾಮು ಕಟ್ಟುವ ತೋಳು ಮೇಲಿನದಕ್ಕಿಂತ ಮೂರು ಪಟ್ಟು ಉದ್ದ ಇದ್ದರೆ ನಮ್ಮ ಕೈಯ ಒಂದು ಕಿಲೋ ಎಳೆತ ಬಾಯಿಯಲ್ಲಿ ಮೂರು ನಾಲ್ಕು ಕಿಲೋ ಆಗುತ್ತದೆ. ಅದು ಒತ್ತುವುದು ಎಲ್ಲಿ? ಕೆಳದವಡೆಯಲ್ಲಿ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಉಂಟಲ್ವಾ, ಅಲ್ಲಿ. ಎಲುಬಿನ ಮೇಲೆ ತೆಳ್ಳಗೆ ವಸಡು, ಅಷ್ಟೇ. ನುರಿತ ಕೈ ಇದ್ದವರು ಬೆರಳ ತುದಿಯಲ್ಲಿ ಕರ್ಬ್ ಬಳಸುತ್ತಾರೆ. ನನ್ನದು ಆ ಕೈ ಅಲ್ಲ.

ಮೂರನೇ ದಿನ ಮರಳಿನ ಮೇಲೆ ಎಡಕ್ಕೆ ಎಳೆದೆ. ಮಲ್ಲಿ ಮುಂಗಾಲು ಎತ್ತಿ ನೇರ ನಿಂತಳು. ನಾನು ಬಿದ್ದೆ, ಮಣಿಕಟ್ಟು ಉಳುಕಿತು. ಎದ್ದು ನೋಡಿದರೆ ಅವಳ ಬಾಯಿಯ ನೊರೆ ಕೆಂಪಗಿತ್ತು.

ಪಶುವೈದ್ಯರು ಬಂದು ಟಾರ್ಚ್ ಹಿಡಿದು ನೋಡಿದರು. ಎಡ ಮೇಲ್ದವಡೆಯಲ್ಲಿ, ಹಿಂದಿನ ಹಲ್ಲುಗಳ ಸಾಲಿಗಿಂತ ಸ್ವಲ್ಪ ಮುಂದೆ, ಕಿರುಬೆರಳ ಉಗುರಿನಷ್ಟು ಪುಟ್ಟ ಹಲ್ಲು. ವುಲ್ಫ್ ಟೂತ್, ಅಂದರೆ ತೋಳದ ಹಲ್ಲು ಅನ್ನುತ್ತಾರಂತೆ, ತೋಳಕ್ಕೂ ಅದಕ್ಕೂ ಎಂತ ಸಂಬಂಧವೋ. ಸುತ್ತ ವಸಡು ಊದಿತ್ತು. ಹಿಂದಿನ ಹಲ್ಲುಗಳ ಅಂಚು ಬ್ಲೇಡಿನ ಹಾಗೆ ಬೆಳೆದು ಕೆನ್ನೆಯ ಒಳಗೆ ಗೀರಿತ್ತು. ಅವಳು ಎಳೆಯುತ್ತಿದ್ದದ್ದು ನೋವಿಗೆ. ನಾನು ಅದರ ಮೇಲೆ ಕೆಳದವಡೆಯಲ್ಲೂ ಹುಣ್ಣು ಮಾಡಿಟ್ಟಿದ್ದೆ. "ಗುಬುಟು ಇರುವ ಕಡಿವಾಣ ಹಾಕುವುದು ಕಾನೂನಿಗೇ ವಿರುದ್ಧ ಮಾರಾಯ್ರೆ, ಪ್ರಾಣಿ ಹಿಂಸೆ ತಡೆಯುವ 1965ರ ನಿಯಮದಲ್ಲೇ ಉಂಟು" ಅಂದರು ಡಾಕ್ಟ್ರು. ತಲೆ ತಗ್ಗಿಸಿದೆ.

ಹಲ್ಲು ಕೀಳಿಸಿ, ಅಂಚು ಉಜ್ಜಿಸಿ, ಒಂದು ತಿಂಗಳು ಬಾಯಿಗೆ ಕಬ್ಬಿಣ ತಾಗಿಸಲಿಲ್ಲ. ಆಮೇಲೆ ಅಳತೆ. ಬಾಯಿಯೊಳಗಿಂದ ಒಂದು ದಾರ ಹಾಯಿಸಿ, ತುಟಿಯ ಎರಡೂ ಮೂಲೆಯಲ್ಲಿ ಗುರುತು ಹಾಕಿ ಅಳೆದರೆ ಹನ್ನೆರಡು ಸೆಂಟಿಮೀಟರ್. ಎರಡೂ ಬದಿಗೆ ಅರ್ಧರ್ಧ ಸೆಂಟಿಮೀಟರ್ ಬಿಟ್ಟರೆ ಸುಮಾರು ಐದು ಇಂಚು ಸಾಕು. ನಾನು ಹಾಕಿದ್ದು ಅದಕ್ಕಿಂತ ಅರ್ಧ ಇಂಚು ದೊಡ್ಡದು, ಆಚೀಚೆ ಜಾರುತ್ತಿತ್ತು. ಈಗ ಇರುವುದು ನಡುವೆ ಚಪ್ಪಟೆ ಬಿಲ್ಲೆ ಇರುವ ಎರಡು ಕೀಲಿನ ಸ್ನಾಫಲ್. ಒಂದೇ ಕೀಲಿನದು ಎಳೆದಾಗ ಅಡಕತ್ತರಿಯ ಹಾಗೆ ನಾಲಿಗೆಯನ್ನು ಹಿಸುಕುತ್ತದೆ. ದಪ್ಪ ಇದ್ದಷ್ಟೂ ಮೃದು ಅನ್ನುವುದೂ ಪೂರ್ತಿ ನಿಜ ಅಲ್ಲ, ಮಲ್ಲಿಯ ಹಾಗೆ ಬಾಯಿ ಚಿಕ್ಕದು, ನಾಲಿಗೆ ದಪ್ಪ ಇದ್ದರೆ ದಪ್ಪ ಕಂಬಿಗೆ ಜಾಗವೇ ಇರುವುದಿಲ್ಲ. ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಬರುವಷ್ಟು ಎತ್ತರಕ್ಕೆ ಕಟ್ಟುತ್ತೇನೆ. ಇನ್ನೊಂದು, ನಮ್ಮ ಉಪ್ಪುಗಾಳಿಗೆ ಅಗ್ಗದ ನಿಕಲ್ ಲೇಪ ಬೇಗ ಏಳುತ್ತದೆ, ಎದ್ದ ಅಂಚು ತುಟಿ ಕೊಯ್ಯುತ್ತದೆ. ಸ್ಟೇನ್‌ಲೆಸ್ ಸ್ಟೀಲೇ ಕೇಳಿ.

ಹಳೆಯದನ್ನು ವಾಪಸ್ ತಗೊಳ್ಳಿ ಅಂತ ಆ ಅಂಗಡಿಗೆ ಫೋನ್ ಮಾಡಿದ್ದೆ. "ಬಳಸಿದ ಮಾಲು ತಗೊಳ್ಳುವುದಿಲ್ಲ ಸರ್" ಅಂದರು. ಆಮೇಲೆ, "ಅದಕ್ಕೂ ಬಗ್ಗಲಿಲ್ವಾ? ಇನ್ನೂ ಉದ್ದ ತೋಳಿನದು ಉಂಟು, ಕಳಿಸಲಾ?"